ಬಾರದ ಐದು

“ಕೊನೇದು ಒತ್ತಿ ಅಜ್ಜಿ. ಐದನೇದು. ಅದಲ್ಲ, ಅದರ ಪಕ್ಕದ್ದು.”

ಅಜ್ಜಿ ಫೋನನ್ನು ಮೊಳದುದ್ದ ದೂರ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ, ತೋರುಬೆರಳನ್ನು ಗಾಳಿಯಲ್ಲೇ ಆಡಿಸುತ್ತಿದ್ದರು. ಕಂಕುಳಲ್ಲಿ ಆಗತಾನೇ ಫ್ರೇಮ್ ಹಾಕಿಸಿಕೊಂಡ ಮದುವೆಯ ಫೋಟೋ ಇತ್ತು. ಬೆರಳು ನಾಲ್ಕನೇ ಸ್ಟಾರಿನ ಮೇಲೆ ಇಳಿಯುವುದರಲ್ಲಿತ್ತು. ಹುಡುಗಿ ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಅಜ್ಜಿಯ ಕೈ ಒಂಚೂರು ನಡುಗಿ ಬೆರಳು ಐದನೆಯದರ ಮೇಲೆ ಬಿತ್ತು.

“ಆಯ್ತಾ? ಇದರಿಂದ ನಿನಗೇನು ಸಿಗುತ್ತೆ ಮಗಳೇ?” ಎಂದು ಅಜ್ಜಿ ಕೇಳಿದರು.

“ನಂಗೇನೂ ಇಲ್ಲ ಅಜ್ಜಿ. ಅಂಗಡಿಗೆ ಸಿಗುತ್ತೆ.”

ಒಳಗೆ ಗಾಜು ಕತ್ತರಿಸುತ್ತಿದ್ದ ಅಮ್ಮ, ಗಿರಾಕಿಗಳ ಬೆರಳು ಹಿಡಿದು ಒತ್ತಿಸುವುದೊಂದು ಬಾಕಿ ಇದೆ, ಅದನ್ನೂ ಶುರು ಮಾಡಿಬಿಡು ಎಂದು ಗೊಣಗಿದಳು. ಅಜ್ಜಿ ನಗುತ್ತಾ ಮೆಟ್ಟಿಲಿಳಿದು ಹೋದರು. ಹುಡುಗಿ ಓಡಿಹೋಗಿ ಅಮ್ಮನ ಫೋನಿನಲ್ಲಿ ತಮ್ಮ ಅಂಗಡಿಯ ಪುಟ ತೆರೆದು ನೋಡಿದಳು. 4.8. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ.

ಈ ಹುಡುಗಿಯನ್ನು ಎಲ್ಲರೂ ಮೊಳೆ ಎಂದೇ ಕರೆಯುತ್ತಿದ್ದರು. ಸ್ಕೂಲಿನ ಹಾಜರಿಯಲ್ಲಿ ಬೇರೆ ಹೆಸರಿತ್ತು. ಆದರೆ ಅದನ್ನು ಕೂಗಿದರೆ ಅವಳೂ ಹಿಂದೆ ತಿರುಗಿ ಯಾರಪ್ಪಾ ಅದು ಎಂದು ನೋಡುತ್ತಿದ್ದಳು. ಮೈ ಸಣ್ಣ, ತಲೆ ಗುಂಡಗೆ, ಎಲ್ಲಿ ನಿಂತಳೋ ಅಲ್ಲೇ ನಾಟಿಕೊಳ್ಳುವ ಸ್ವಭಾವ. ಫೋಟೋಗಳಿಗೆ ಫ್ರೇಮ್ ಹಾಕುವ ಅಮ್ಮ ಮಗಳಿಗೆ ಇನ್ನೆಂಥ ಹೆಸರು ತಾನೇ ಇಟ್ಟಾಳು?

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಯಾವಾಗಲೂ ಮರದ ಪುಡಿಯ ಮತ್ತು ಅಂಟಿನ ವಾಸನೆ. ಒಂದು ಗೋಡೆಗೆ ಫ್ರೇಮಿನ ಮೂಲೆಗಳನ್ನು ಸಾಲಾಗಿ ನೇತುಹಾಕಿದ್ದರು. ಇನ್ನೊಂದು ಗೋಡೆಗೆ ಗಾಜಿನ ಹಾಳೆಗಳನ್ನು ಒರಗಿಸಿದ್ದರು. ಆ ಕಡೆ ಓಡಾಡುವಾಗ ಎಲ್ಲರೂ ಬೆಕ್ಕಿನ ಹೆಜ್ಜೆ ಇಡಬೇಕಿತ್ತು. ಅಳತೆ, ಗಾಜು, ಗರಗಸ ಎಲ್ಲ ಅಮ್ಮನ ಕೆಲಸ. ಕೊನೆಯಲ್ಲಿ ಫ್ರೇಮಿನ ಬೆನ್ನಿಗೆ ಎರಡು ರಿಂಗ್ ಇಟ್ಟು ಸ್ಕ್ರೂ ಬಿಗಿದು ದಾರ ಕಟ್ಟುವುದು ಮಾತ್ರ ಮೊಳೆಯ ಕೆಲಸ. ಆರನೇ ಕ್ಲಾಸಿನಲ್ಲಿ ಇಂಥ ಕೆಲಸ ಇನ್ನಾರಿಗೂ ಇರಲಿಲ್ಲ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಎಡವಟ್ಟಾಗಿದ್ದು ಅಲ್ಲೇ.

ಒಂದು ದಿನ ಹಲ್ಲಿನ ಡಾಕ್ಟರು ಒಂದು ದೊಡ್ಡ ಚಿತ್ರ ತಂದುಕೊಟ್ಟರು. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯೂ ಇಲ್ಲ. ಬರೀ ನೀಲಿ ಪಟ್ಟಿಗಳು, ಹಳದಿ ಗೋಲಗಳು, ನಡುವೆ ಒಂದು ಕೆಂಪು ಗೆರೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಅಮ್ಮ ಕೇಳಿ ತಿಳಿದುಕೊಂಡಳು. ಚಿತ್ರದ ಬೆನ್ನಿಗೆ ಒಂದು ರಟ್ಟು ಕತ್ತರಿಸಿ ಇಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿದಳು. ಬಾಣದ ತುದಿ ಯಾವ ಕಡೆಗೋ ಆ ಕಡೆ ಮೇಲೆ. ಅಮ್ಮ ಹಾಕುವ ಎಲ್ಲ ಫ್ರೇಮಿಗೂ ಇದೇ ಗುರುತು.

ಆಮೇಲೆ ನೋಡಿದರೆ ಗಾಜಿನ ಒಳಗೆ ಒಂದು ಕೂದಲು ಸಿಕ್ಕಿಕೊಂಡಿತ್ತು. ಅಮ್ಮ ರಟ್ಟು ತೆಗೆದು, ಆ ಕೂದಲು ತೆಗೆದು ಮುಚ್ಚಿಬಿಡು ಎಂದು ಮೊಳೆಗೆ ಹೇಳಿ, ಬಾಗಿಲಿಗೆ ಬಂದ ಗಿರಾಕಿಯನ್ನು ಮಾತಾಡಿಸಲು ಹೋದಳು. ಮೊಳೆ ಕೂದಲು ತೆಗೆದಳು, ರಟ್ಟು ಮುಚ್ಚಿದಳು, ಪಿನ್ನು ಹೊಡೆದಳು, ಸುತ್ತಲೂ ಟೇಪು ಅಂಟಿಸಿದಳು. ಬಾಣ ನೋಡಿಯೇ ರಿಂಗ್ ಹಾಕಿದಳು. ಎಲ್ಲ ಸರಿಯಾಗೇ ಇತ್ತು. ಆದರೆ ಆಯತಾಕಾರದ ರಟ್ಟು ಹೀಗೂ ಕೂರುತ್ತದೆ, ಹಾಗೂ ಕೂರುತ್ತದೆ. ಅವಳು ಅದನ್ನು ತಿರುಗಿಸಿ ಕೂರಿಸಿದ್ದಳು. ಬಾಣ ಮೇಲಕ್ಕಿತ್ತು, ಚಿತ್ರದ ತಲೆ ಕೆಳಕ್ಕಿತ್ತು.

ಡಾಕ್ಟರು ಅದನ್ನು ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಗೆ ತೂಗುಹಾಕಿಸಿದರು. ಎಂಟು ದಿನ ಯಾರಿಗೂ ಏನೂ ಅನಿಸಲಿಲ್ಲ. ಹಲ್ಲು ನೋಯುತ್ತಿರುವವರಿಗೆ ಗೋಡೆಯ ಮೇಲೆ ಏನಿದ್ದರೇನು. ಒಂಬತ್ತನೆಯ ದಿನ, ಗ್ರಹಚಾರಕ್ಕೆ, ಆ ಚಿತ್ರ ಬರೆದ ಚಿತ್ರಗಾರ್ತಿಗೇ ಹಲ್ಲುನೋವು ಬಂತು. ಆಕೆ ಕೆನ್ನೆ ಹಿಡಿದುಕೊಂಡು ಬಂದು ಕೂತವರು, ತಲೆಯೆತ್ತಿ ನೋಡಿ, ನೋವು ಮರೆತು ಎದ್ದು ನಿಂತು, ತುಂಬಿದ ಕೋಣೆಯ ಎದುರು ಕೇಳಿದರಂತೆ: “ನನ್ನ ಚಿತ್ರ ಯಾಕೆ ಶೀರ್ಷಾಸನ ಹಾಕಿದೆ?”

ಡಾಕ್ಟರ ಮುಖ ಕೆಂಪಾಯಿತು. ಅವರು ಅಮ್ಮನಿಗೆ ಫೋನ್ ಮಾಡಿ ದಬಾಯಿಸಿದರು. ಅಷ್ಟಕ್ಕೇ ಬಿಡದೆ, ಅಂಗಡಿಯ ಪುಟಕ್ಕೆ ಹೋಗಿ ಒಂದೇ ಒಂದು ಸ್ಟಾರ್ ಒತ್ತಿ, ಚಿತ್ರ ತಲೆಕೆಳಗು, ರೋಗಿಗಳ ಮುಂದೆ ಮರ್ಯಾದೆ ಹೋಯಿತು ಎಂದು ಬರೆದರು.

ಆ ಪುಟವನ್ನು ಮಾಡಿಕೊಟ್ಟಿದ್ದು ಮೊಳೆಯ ಅಕ್ಕ. ಹತ್ತೊಂಬತ್ತು ಜನ ಅದರಲ್ಲಿ ಸ್ಟಾರ್ ಕೊಟ್ಟಿದ್ದರು, ಹತ್ತೊಂಬತ್ತೂ ಐದೇ. ಪುಟ ತೆರೆದರೆ ಮೇಲೆಯೇ ದೊಡ್ಡದಾಗಿ 5 ಎಂದು ಹೊಳೆಯುತ್ತಿತ್ತು. ಅಮ್ಮ ಅದನ್ನು ಯಾರಿಗೂ ತೋರಿಸಿಕೊಳ್ಳುತ್ತಿರಲಿಲ್ಲ. ಆದರೆ ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ಒಮ್ಮೆ ತೆರೆದು ನೋಡುವುದನ್ನು ಮೊಳೆ ಕಂಡಿದ್ದಳು. ಡಾಕ್ಟರು ಒತ್ತಿದ ಮೇಲೆ ಅದು 4.8 ಆಯಿತು.

ಅಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಸಾಮಾನಿನ ಚೀಲ ತೆಗೆದುಕೊಂಡು ಕ್ಲಿನಿಕ್ಕಿಗೆ ಹೋಗಿ, ಫ್ರೇಮ್ ಬಿಚ್ಚಿ, ಸರಿಮಾಡಿ, ವಾಪಸ್ ಬಂದು “ಸರಿಹೋಯ್ತು ಬಿಡು” ಎಂದಳು. ಆ ರಾತ್ರಿ ಮೊಳೆಗೆ ಊಟ ಸೇರಲಿಲ್ಲ. ಕೈ ತೊಳೆಯುವಾಗ ಬಚ್ಚಲುಮನೆಯ ಕನ್ನಡಿ ನೋಡಿಕೊಂಡು ಒಂದು ಆಣೆ ಹಾಕಿಕೊಂಡಳು: “ಐದು ವಾಪಸ್ ಬರೋವರೆಗೂ ನಾನು ಸ್ಕ್ರೂ ಡ್ರೈವರ್ ಮುಟ್ಟಲ್ಲ.”

ಆಣೆ ಹಾಕುವುದು ಸುಲಭ. ಮರುದಿನದಿಂದ ಕೈಗೆ ಕೆಲಸವಿಲ್ಲ. ಹಾಗಾಗಿ ಅವಳು ಗಿರಾಕಿಗಳ ಹಿಂದೆ ಬಿದ್ದಳು. ಫ್ರೇಮ್ ಒಯ್ಯಲು ಬಂದವರಿಗೆ ಸ್ಟೂಲ್ ಹಾಕಿದಳು, ಗಾಜು ಫಳಫಳ ಒರೆಸಿಕೊಟ್ಟಳು, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಕೊನೆಗೆ ಮೆಲ್ಲಗೆ ಸ್ಟಾರಿನ ಮಾತು ತೆಗೆಯುತ್ತಿದ್ದಳು. ಕ್ಲಾಸಿನಲ್ಲಿ ಅವಳ ಪಕ್ಕ ಕೂರುವ ದಪ್ಪ ಕನ್ನಡಕದ ಹುಡುಗ ಸೋಡಾಗ್ಲಾಸು, ತಮ್ಮ ಮನೆಯಲ್ಲಿ ಆರು ಫೋನಿವೆ, ಆರರಿಂದಲೂ ಐದೈದು ಒತ್ತಿಬಿಡುತ್ತೇನೆ ಎಂದ. ಮೊಳೆ ಒಪ್ಪಲಿಲ್ಲ. ಫ್ರೇಮ್ ಹಾಕಿಸದವರು ಒತ್ತಿದರೆ ಅದು ಕಳ್ಳ ಐದು ಎಂದಳು. ಪಾಪ ಅವನು ಮನೆಗೆ ಹೋಗಿ ಹುಡುಕಿ, ಈಜಿನ ಸರ್ಟಿಫಿಕೇಟ್ ತಂದು ಫ್ರೇಮ್ ಹಾಕಿಸಿ, ಒಂದೇ ಒಂದು ಪ್ರಾಮಾಣಿಕ ಐದು ಒತ್ತಿದ.

ಮದುವೆಯ ಫೋಟೋದ ಅಜ್ಜಿ ಐದನೆಯವರು. ಡಾಕ್ಟರು ಒಂದು ಕೊಟ್ಟ ಮೇಲೆ ಐದು ಜನ ಐದು ಕೊಟ್ಟಿದ್ದರು. ಆದರೂ ಸುಡುಗಾಡು 4.8 ಜಪ್ಪಯ್ಯ ಎಂದರೂ ಕದಲಲಿಲ್ಲ.

ಅದೇ ಹೊತ್ತಿಗೆ ಅಮ್ಮನಿಗೆ ದೊಡ್ಡ ಆರ್ಡರ್ ಬಂತು. ಡಾನ್ಸ್ ಕ್ಲಾಸಿನವರ ಫೋಟೋಗಳು, ಗೋಡೆ ತುಂಬುವಷ್ಟು, ಸೋಮವಾರ ಸಂಜೆಗೆ ಬೇಕು. ಅಮ್ಮ ಶನಿವಾರವೆಲ್ಲ ಬಗ್ಗಿಸಿದ ಬೆನ್ನು ಎತ್ತಲಿಲ್ಲ. ಗಾಜು ಕತ್ತರಿಸುವುದೂ ಅವಳೇ, ರಿಂಗ್ ಬಿಗಿಯುವುದೂ ಅವಳೇ. ನಡುವೆ ಎರಡು ಸಲ ತಲೆಯೆತ್ತಿ ಮೊಳೆಯನ್ನು ನೋಡಿದಳು. ಮೊಳೆಗೆ ಕೈ ತುರಿಸುತ್ತಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು. ಬಾಗಿಲಿಗೆ ಒರಗಿ ನಿಂತೇ ಇದ್ದಳು.

ಸಂಜೆ ಅವಳು ಸೀದಾ ಅಕ್ಕನ ಹತ್ತಿರ ಹೋದಳು. ಅಕ್ಕ ಒಂಬತ್ತನೇ ಕ್ಲಾಸು. ಊಟದ ಟೇಬಲ್ಲಿನ ತುಂಬಾ ಪುಸ್ತಕ ಹರಡಿಕೊಂಡು ಕೂತಿದ್ದಳು. ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಅಪ್ಪ ಬೆಳಗಿನ ಡ್ಯೂಟಿಗೆಂದು ತನ್ನ ಬಸ್ ಡ್ರೈವರ್ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದ.

“ಅಕ್ಕಾ, ಇನ್ನೂ ಎಷ್ಟು ಜನ ಐದು ಕೊಟ್ರೆ ನಮ್ಮಂಗಡಿಗೆ ಮತ್ತೆ ಐದು ಬರುತ್ತೆ?”

ಅಕ್ಕನಿಗೆ ಯಾರಾದರೂ ಲೆಕ್ಕ ಕೇಳಿದರೆ ಸಾಕು, ಡಾಕ್ಟರ್ ಮುಂದೆ ನಾಲಿಗೆ ಚಾಚಿದಷ್ಟು ಸಲೀಸಾಗಿ ಪೆನ್ಸಿಲ್ ಚಾಚುತ್ತಾಳೆ. ಎಲ್ಲರ ಸ್ಟಾರ್ ಕೂಡಿಸಿ ಜನರ ಸಂಖ್ಯೆಯಿಂದ ಭಾಗಿಸುವುದು, ಅಷ್ಟೇ ತಾನೇ ಎಂದಳು. ಟೆಸ್ಟ್ ಮಾರ್ಕಿನ ಸರಾಸರಿ ತೆಗೆಯುವ ಹಾಗೆ. ಅಷ್ಟು ಮೊಳೆಗೂ ಗೊತ್ತಿತ್ತು.

“ಗೊತ್ತಿಲ್ಲದ್ದನ್ನ ಎಕ್ಸ್ ಅಂತ ಇಟ್ಕೋ. ಐದು ಕೊಟ್ಟವರು ಎಕ್ಸ್ ಜನ. ಅವರದ್ದೆಲ್ಲ ಸೇರಿ ಐದು ಎಕ್ಸ್ ಸ್ಟಾರು. ಡಾಕ್ಟ್ರದ್ದು ಒಂದು ಕೂಡಿಸು. ಇದು ಮೇಲೆ. ಕೆಳಗೆ ಒಟ್ಟು ಜನ, ಎಕ್ಸ್ ಕೂಡಿಸು ಒಂದು. ಇದು ಐದಕ್ಕೆ ಸಮ ಆಗಬೇಕು.”

ಅಕ್ಕ ಹಾಳೆಯ ಮೇಲೆ ಬರೆದಳು. ಕೆಳಗಿದ್ದದ್ದನ್ನು ಆ ಕಡೆಗೆ ಒಯ್ದು ಐದರಿಂದ ಗುಣಿಸಿದಳು. ಈ ಕಡೆ ಐದು ಎಕ್ಸ್ ಕೂಡಿಸು ಒಂದು, ಆ ಕಡೆ ಐದು ಎಕ್ಸ್ ಕೂಡಿಸು ಐದು. ಎರಡೂ ಕಡೆಯ ಐದು ಎಕ್ಸ್ ಹೊಡೆದುಹಾಕಿದಳು. ಪೆನ್ಸಿಲ್ ಅಲ್ಲೇ ನಿಂತಿತು. ಹಾಳೆಯ ಮೇಲೆ ಉಳಿದಿದ್ದು ಒಂದು ಸಮ ಐದು.

“ಒಂದು ಹೇಗೆ ಐದಾಗುತ್ತೆ?” ಮೊಳೆ ಕೇಳಿದಳು.

ಅಕ್ಕ ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿದಳು. ಮತ್ತೆ ಅದೇ. ಮೂರನೇ ಸಲ ಮಾಡುವಾಗ ಅರ್ಧಕ್ಕೇ ನಿಲ್ಲಿಸಿ, ತನ್ನ ಬೀಜಗಣಿತದ ಪುಸ್ತಕ ಎಳೆದುಕೊಂಡು ಪುಟ ತಿರುವತೊಡಗಿದಳು. ಅಲ್ಲೊಂದು ಪ್ರಶ್ನೆಯಿತ್ತು. ಈ ಭಿನ್ನರಾಶಿಗೆ ಎಂದೂ ಬರಲಾರದ ಬೆಲೆ ಯಾವುದು ಎಂದು ಕೇಳಿದ್ದರು. ಎಕ್ಸ್‌ಗೆ ಏನು ಬೇಕಾದರೂ ಹಾಕಬಹುದಾದ ಮೇಲೆ ಬರಲಾರದ್ದು ಯಾವುದಿರುತ್ತೆ, ಬುಕ್ಕಿನವರಿಗೆ ತಲೆ ಕೆಟ್ಟಿದೆ ಎಂದುಕೊಂಡು ಅಕ್ಕ ಅದನ್ನು ಖಾಲಿ ಬಿಟ್ಟಿದ್ದಳು. ಈಗ ಅವಳ ಮುಖ ಊರಗಲವಾಯಿತು.

“ಮೊಳೆ, ನಿನ್ನ ಭಿನ್ನರಾಶಿ ಐದಾಗೋದೇ ಇಲ್ಲ ಕಣೇ. ಎಕ್ಸ್ ಎಷ್ಟಾದ್ರೂ ಆಗಲಿ.”

“ನೂರಾದ್ರೆ?”

ಅಕ್ಕ ಫೋನಿನಲ್ಲಿ ಒತ್ತಿ ತೋರಿಸಿದಳು. 4.96. ಸಾವಿರ ಎಂದಳು ಮೊಳೆ. 4.996. ಲಕ್ಷ ಎಂದಳು. ಒಂಬತ್ತುಗಳು ಉದ್ದಕ್ಕೆ ಬಂದವು, ಐದು ಮಾತ್ರ ಬರಲಿಲ್ಲ.

ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಅಪ್ಪ ನಕ್ಕ. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತ ನಮ್ಮಜ್ಜಿ ಸುಮ್ಮನೆ ಹೇಳ್ತಿರಲಿಲ್ಲ.”

“ಎಕ್ಸ್ ಆನೆ ಕೊಟ್ರೂ ಬರಲ್ಲ ಅಪ್ಪ,” ಎಂದಳು ಅಕ್ಕ. ಅವಳಿಗೆ ಹಿಡಿಸಲಾರದಷ್ಟು ಖುಷಿಯಾಗಿತ್ತು. ನೂರು ಜನ ಐದು ಕೊಟ್ಟರೆ ಫೋನು ತಾನಾಗಿಯೇ 5 ಎಂದು ತೋರಿಸುತ್ತದೆ, ಅದು ಚಿಲ್ಲರೆಯನ್ನೆಲ್ಲ ನುಂಗಿಬಿಡುತ್ತದೆ, ಅಷ್ಟು ಸಾಕಲ್ಲವಾ ಎಂದು ಸಮಾಧಾನವನ್ನೂ ಹೇಳಿದಳು.

“ಸಾಕಾಗಲ್ಲ. ನಾನು ಆಣೆ ಹಾಕಿದ್ದು ಐದಕ್ಕೆ. ಫೋನ್ ತೋರಿಸೋದಕ್ಕಲ್ಲ.”

“ಯಾವ ಆಣೆ?”

ಮೊಳೆ ಹೇಳಿದಳು. ಹೇಳುವಾಗಲೇ ಅವಳಿಗೆ ವಿಷಯದ ಆಳ ತಿಳಿದದ್ದು. ಐದು ಬರುವುದೇ ಇಲ್ಲ ಎಂದರೆ ಸ್ಕ್ರೂ ಡ್ರೈವರ್ ಕೂಡ ಇಲ್ಲ. ಈ ತಿಂಗಳಿಲ್ಲ, ಮುಂದಿನ ವರ್ಷವಿಲ್ಲ, ಮುದುಕಿಯಾದರೂ ಇಲ್ಲ. ಅವಳ ಕಣ್ಣು ತುಂಬಿಕೊಂಡಿತು. ಅಪ್ಪ ನಗುವುದನ್ನು ನಿಲ್ಲಿಸಿದ. ಯಾರು ನಿನಗೆ ಇಂಥ ಆಣೆ ಹಾಕಲು ಹೇಳಿದ್ದು ಎಂದು ಅಕ್ಕ ಕೇಳಿದಳು. ಯಾರೂ ಹೇಳಿರಲಿಲ್ಲ, ಅದೇ ಕಷ್ಟ.

ಭಾನುವಾರ ಬೆಳಿಗ್ಗೆ ಅಮ್ಮ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಮೊಳೆ ಬಂದು ರಿಂಗುಗಳ ಡಬ್ಬಿ ತೆರೆದಳು. ರಿಂಗ್ ಮುಟ್ಟಬಾರದು ಎಂದು ಆಣೆಯಲ್ಲಿ ಇರಲಿಲ್ಲ. ಅಕ್ಕನ ಎಕ್ಸ್ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಹೊಡೆದುಹಾಕಿದರೆ ಕಾಣೆಯಾಗುವ ವಸ್ತುವನ್ನು ಹೇಗೆ ನಂಬುವುದು?

ಬೆಂಚಿನ ಮೇಲೆ ಅವಳು ಐದೈದು ರಿಂಗುಗಳ ಗುಡ್ಡೆ ಮಾಡಿದಳು. ಒಂದು ಗುಡ್ಡೆ ಸೋಡಾಗ್ಲಾಸು, ಒಂದು ಗುಡ್ಡೆ ಮದುವೆ ಫೋಟೋದ ಅಜ್ಜಿ, ಹೀಗೆ ಆರು ಗುಡ್ಡೆ. ಏಳನೆಯದು ಡಾಕ್ಟರದ್ದು. ಅಲ್ಲಿ ಒಂದೇ ರಿಂಗು. ಸರಾಸರಿ ಐದಾಗಬೇಕು ಎಂದರೆ ಹಂಚಿದಾಗ ಎಲ್ಲರ ಮುಂದೆಯೂ ಐದೈದು ಬರಬೇಕು. ಅಜ್ಜಿಯ ಗುಡ್ಡೆಯಿಂದ ಒಂದು ತೆಗೆದು ಡಾಕ್ಟರಿಗೆ ಕೊಟ್ಟಳು. ಅಜ್ಜಿಗೆ ನಾಲ್ಕೇ ಉಳಿದವು. ಸೋಡಾಗ್ಲಾಸಿನಿಂದ ತೆಗೆದು ಅಜ್ಜಿಗೆ ತುಂಬಿದಳು. ಈಗ ಸೋಡಾಗ್ಲಾಸಿಗೆ ಕಮ್ಮಿ.

ಹೊಸ ಗಿರಾಕಿಯೊಬ್ಬರನ್ನು ಕರೆದಳು, ಐದು ರಿಂಗು ಇಟ್ಟಳು. ಅವರ ಐದು ಅವರಿಗೇ ಸರಿಹೋಯಿತು. ಇನ್ನೊಬ್ಬರು ಬಂದರು, ಅವರದ್ದೂ ಅಷ್ಟೇ. ಬಂದವರೆಲ್ಲ ತಮ್ಮ ಪಾಲಿನ ಐದನ್ನು ತಂದು ತಮ್ಮ ಮುಂದೆಯೇ ಇಟ್ಟುಕೊಳ್ಳುತ್ತಿದ್ದರು. ಡಾಕ್ಟರಿಗೆ ಕೊಡಲು ಯಾರ ಹತ್ತಿರವೂ ಒಂದು ರಿಂಗೂ ಹೆಚ್ಚಿಗೆ ಇರಲಿಲ್ಲ. ಯಾರಾದರೂ ಆರು ಸ್ಟಾರ್ ಕೊಟ್ಟರೆ ಬೇರೆ ಮಾತು. ಆದರೆ ಆರನೇ ಸ್ಟಾರ್ ಫೋನಿನಲ್ಲೇ ಇಲ್ಲ. ಡಬ್ಬಿ ಬರಿದಾಗುವವರೆಗೂ ಅವಳು ಗಿರಾಕಿಗಳನ್ನು ಕರೆದಳು. ಬೆಂಚು ತುಂಬಿತು. ನಾಲ್ಕು ರಿಂಗಿನ ಜಾಗ ಹಾಗೆಯೇ ಖಾಲಿ ಉಳಿಯಿತು.

ಅಮ್ಮ ಬಂದು ಬೆಂಚು ನೋಡಿ ಸೊಂಟದ ಮೇಲೆ ಕೈಯಿಟ್ಟಳು. “ಪಗಡೆ ಆಡಿ ಮುಗಿದಿದ್ರೆ ಆ ರಿಂಗು ಕೊಡ್ತೀಯಾ ತಾಯಿ? ನಂಗೆ ಕೆಲಸ ಇದೆ.”

ಮೊಳೆ ರಿಂಗುಗಳನ್ನು ಬಾಚಿ ಡಬ್ಬಿಗೆ ತುಂಬಿ ಕೊಟ್ಟಳು. ಅಮ್ಮ ಸ್ಕ್ರೂ ಡ್ರೈವರ್ ಎತ್ತಿಕೊಂಡು ಕೂತಳು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು, ನೋಯುತ್ತಿತ್ತೇನೋ. ಹೊಸ ಗುಡ್ಡೆಗಳಿಂದ ಏನೂ ಆಗುವುದಿಲ್ಲ, ಬದಲಾಗಬೇಕಾದರೆ ಆ ಒಂಟಿ ರಿಂಗಿನ ಗುಡ್ಡೆಯೇ ಬದಲಾಗಬೇಕು ಎಂದು ಮೊಳೆಗೆ ಹೊಳೆದಿದ್ದು ಆಗ.

ಸೋಮವಾರ ಸ್ಕೂಲ್ ಬಿಟ್ಟ ಮೇಲೆ ಅವಳು ಮನೆಗೆ ಹೋಗಲಿಲ್ಲ, ಹಲ್ಲಿನ ಕ್ಲಿನಿಕ್ಕಿಗೆ ಹೋದಳು. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದಳು: ಡಾಕ್ಟ್ರೇ, ದಯವಿಟ್ಟು ಅದನ್ನ ಐದು ಮಾಡಿ.

ಕಾಯುವ ಕೋಣೆಯಲ್ಲಿ ಲವಂಗದ ವಾಸನೆ. ಐದಾರು ಜನ ಕೆನ್ನೆ ಹಿಡಿದು ಕೂತಿದ್ದರು. ಎದುರು ಗೋಡೆಯಲ್ಲಿ ಚಿತ್ರವಿತ್ತು. ಅದನ್ನು ಸರಿಯಾಗಿ ನೋಡುತ್ತಿದ್ದುದು ಇದೇ ಮೊದಲು. ಅಂಗಡಿಯಲ್ಲಿ ಅವಳು ಕೂದಲು ನೋಡಿದ್ದಳು, ಗಾಜು ನೋಡಿದ್ದಳು, ರಟ್ಟು ನೋಡಿದ್ದಳು, ಚಿತ್ರವನ್ನು ನೋಡಿರಲಿಲ್ಲ. ನೀಲಿ ಪಟ್ಟಿಗಳು ಕೆಳಗಿದ್ದವು. ಹಳದಿ ಗೋಲಗಳು ಅವುಗಳ ಮೇಲೆ ತೇಲುತ್ತಿದ್ದವು. ತಿರುಗಿಸಿದರೆ ಎಲ್ಲ ಉದುರಿ ಬೀಳುವಂತೆ ಕಂಡಿರಬೇಕು. ಪಾಪ, ಆ ಚಿತ್ರಗಾರ್ತಿಗೆ ಎಷ್ಟು ಸಂಕಟವಾಗಿರಬಹುದು ಎಂದು ಅವಳಿಗೆ ಮೊದಲ ಸಲ ಅನಿಸಿತು.

ಡಾಕ್ಟರು ಮಾಸ್ಕ್ ಕೆಳಗೆಳೆದುಕೊಂಡು ಹೊರಗೆ ಬಂದರು. ಅವಳನ್ನು ನೋಡಿ, ನೀನು ಫ್ರೇಮಿನವರ ಮಗಳಲ್ಲವಾ, ಯಾವ ಹಲ್ಲು ಎಂದು ಕೇಳಿದರು.

“ಹಲ್ಲಲ್ಲ ಡಾಕ್ಟ್ರೇ. ಸ್ಟಾರು.”

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಕತ್ತು ಕೆರೆದುಕೊಂಡರು. ಆ ದಿನ ಮೂಗಿನ ತುದಿಯಲ್ಲಿ ಕೋಪವಿತ್ತು, ಒತ್ತಿಬಿಟ್ಟೆ, ಮರೆತೂಬಿಟ್ಟೆ ಎಂದರು. ಜೇಬಿನಿಂದ ಫೋನ್ ತೆಗೆದು ಅಂಗಡಿಯ ಪುಟ ಹುಡುಕಿದರು.

“ಬದಲಾಯಿಸ್ತೀನಿ, ಅದಕ್ಕೇನಂತೆ. ಎಷ್ಟು ಮಾಡಲಿ, ನೀನೇ ಹೇಳು.”

ಬಾಯಿಪಾಠ ಮಾಡಿದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಐದು ಎಂದರೆ ಮುಗಿಯಿತು. ನಾಲ್ಕು ರಿಂಗಿನ ಜಾಗ ತುಂಬುತ್ತದೆ, ಆಣೆ ತೀರುತ್ತದೆ, ಸಂಜೆಯೇ ಅಮ್ಮನ ಪಕ್ಕ ಕೂರಬಹುದು. ಕೋಣೆಯಲ್ಲಿದ್ದವರೆಲ್ಲ ಹಲ್ಲುನೋವು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಮೊಳೆ ಚಿತ್ರವನ್ನು ನೋಡಿದಳು. ತನ್ನ ಚಿತ್ರವನ್ನು ಯಾರಾದರೂ ಎಂಟು ದಿನ ತಲೆಕೆಳಗೆ ನೇತುಹಾಕಿದ್ದರೆ ತಾನು ಐದು ಕೊಡುತ್ತಿದ್ದೆನಾ? ಸತ್ತರೂ ಕೊಡುತ್ತಿರಲಿಲ್ಲ.

“ನಿಮಗೆ ಎಷ್ಟು ಅನ್ಸುತ್ತೋ ಅಷ್ಟು ಮಾಡಿ ಡಾಕ್ಟ್ರೇ,” ಎಂದಳು. “ರಟ್ಟು ತಿರುಗಿಸಿ ಹಾಕಿದ್ದು ಅಮ್ಮ ಅಲ್ಲ. ನಾನು.”

ಡಾಕ್ಟರು ಅವಳನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದರು. ಆಮೇಲೆ ಹಲ್ಲು ಎಣಿಸುವವರಂತೆ ಬೆರಳು ಮಡಿಸುತ್ತಾ ಯೋಚಿಸಿದರು. “ಎಂಟು ದಿನ ಶೀರ್ಷಾಸನ. ಅದನ್ನ ಇಲ್ಲ ಅನ್ನೋಕಾಗಲ್ಲ. ಆದರೆ ನಿಮ್ಮಮ್ಮ ಫೋನ್ ಇಟ್ಟ ಹಿಂದೆಯೇ ಬಂದು ಸರಿಮಾಡಿದ್ರು. ಫ್ರೇಮಂತೂ ಗಟ್ಟಿಯಾಗಿದೆ, ರಿಂಗೂ ಗಟ್ಟಿಯಾಗಿದೆ. ಮೂರು. ಸರೀನಾ?”

“ಸರಿ,” ಎಂದಳು ಮೊಳೆ. ರಿಂಗ್ ಗಟ್ಟಿಯಾಗಿದೆ ಎಂದದ್ದು ಅವಳಿಗೆ ಹಿತವಾಯಿತು.

ರಸ್ತೆಗೆ ಬಂದ ಮೇಲೆ ಅವಳು ಲೆಕ್ಕ ಹಾಕಿದಳು. ಒಂದರ ಜಾಗದಲ್ಲಿ ಮೂರು. ಈಗ ಎರಡು ರಿಂಗು ಕಮ್ಮಿ. ಹೊಸದಾಗಿ ಬರುವವರೆಲ್ಲ ತಂತಮ್ಮ ಐದನ್ನಷ್ಟೇ ತರುತ್ತಾರೆ, ಆ ಎರಡನ್ನು ತುಂಬುವವರು ಯಾರೂ ಇಲ್ಲ. ಮೂರಾದರೂ ಅಷ್ಟೇ, ನಾಲ್ಕಾಗಿದ್ದರೂ ಅಷ್ಟೇ. ಇಷ್ಟು ದೂರ ನಡೆದು ಬಂದು, ಐದನ್ನು ಬಾಯಿಯವರೆಗೆ ತಂದುಕೊಂಡು, ಕೊನೆಗೆ ಮೂರು ತೆಗೆದುಕೊಂಡು ಹೊರಟಿದ್ದಳು. ಅವಳಿಗೆ ನಗು ಬಂತು. ತನ್ನ ಹಾಗೆ ಬಸ್ಸೇ ಬಾರದ ಸ್ಟಾಪಿನಲ್ಲಿ ಇಷ್ಟು ದಿನ ಕಾದು ನಿಂತವರನ್ನು ಕಂಡಿದ್ದರೆ ಅಪ್ಪ ಏನೆನ್ನುತ್ತಿದ್ದ ಎಂದು ನೆನೆದು ಇನ್ನಷ್ಟು ನಗು ಬಂತು. ನಡೆಯುತ್ತಿದ್ದವಳು ಓಡತೊಡಗಿದಳು.

ಅಂಗಡಿಯಲ್ಲಿ ಅಮ್ಮ ಒಬ್ಬಳೇ ಇದ್ದಳು. ಡಾನ್ಸ್ ಕ್ಲಾಸಿನ ಫ್ರೇಮುಗಳು ಬೆಂಚಿನ ಮೇಲೆ ಬೆನ್ನು ಮೇಲೆ ಮಾಡಿ ಸಾಲಾಗಿ ಮಲಗಿದ್ದವು. ಅರ್ಧಕ್ಕೆ ರಿಂಗ್ ಹಾಕಿತ್ತು, ಅರ್ಧಕ್ಕೆ ಇರಲಿಲ್ಲ. ಗಡಿಯಾರ ಯಾರಿಗೂ ಕಾಯುತ್ತಿರಲಿಲ್ಲ. ಮೊಳೆ ಸ್ಕೂಲ್ ಬ್ಯಾಗನ್ನು ಮೂಲೆಗೆ ಹಾಕಿ, ಕೈ ತೊಳೆದು ಒರೆಸಿಕೊಂಡು ಬಂದು, ಗೂಡಿನಲ್ಲಿದ್ದ ಚಿಕ್ಕ ಸ್ಕ್ರೂ ಡ್ರೈವರ್ ತೆಗೆದುಕೊಂಡಳು.

ಹತ್ತಿರದ ಫ್ರೇಮನ್ನು ಎತ್ತಿ ಮೊದಲು ಅದರ ಮುಖ ನೋಡಿದಳು. ಒಂದು ಪುಟ್ಟ ಹುಡುಗಿ ಒಂಟಿ ಕಾಲಿನಲ್ಲಿ ನಿಂತು ನಗುತ್ತಿದ್ದಳು. ತಲೆ ಮೇಲಿತ್ತು, ಕಾಲು ಕೆಳಗಿತ್ತು. ಫ್ರೇಮನ್ನು ಮೆಲ್ಲಗೆ ಮಗುಚಿ ಮಲಗಿಸಿ, ರಿಂಗ್ ಇಡುವ ಜಾಗವನ್ನು ಅಳೆದಳು.

ಅಮ್ಮ ಗಾಜಿನಿಂದ ತಲೆಯೆತ್ತಲಿಲ್ಲ. ಆಣೆಯ ಸುದ್ದಿ ಅಕ್ಕನ ಬಾಯಿಯಿಂದ ಯಾವಾಗಲೋ ಅವಳಿಗೆ ತಲುಪಿತ್ತು. “ಏನೇ, ಐದು ಬಂತಾ?” ಎಂದು ಕೇಳಿದಳು.

“ಇಲ್ಲಮ್ಮ. ಬರೋದೂ ಇಲ್ಲ,” ಎಂದು ಮೊಳೆ ಮೊದಲ ಸ್ಕ್ರೂವನ್ನು ರಿಂಗಿನ ತೂತಿಗೆ ಇಟ್ಟು ತಿರುಗಿಸತೊಡಗಿದಳು.